ಸಾಲದ ದುಡ್ಡು ತೂಬಿಗಿರಲಿ, ಹೂಳಿಗೆ ಬೇಡ

ನಮ್ಮ ರಾಯಚರ್ಲು ಸುತ್ತಮುತ್ತ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ನೀರಿನ ಮಾತು ಎತ್ತಿದರೆ ಎತ್ತಿನಹೊಳೆ, ಭದ್ರಾ ಮೇಲ್ದಂಡೆ ಎನ್ನುತ್ತೇವೆ. ಬರಲಿ, ಬೇಡ ಅನ್ನೋರು ಯಾರು? ಆದರೆ ಹೊಳೆ ನೀರಾಗಲಿ, ಮಳೆ ನೀರಾಗಲಿ, ನಿಲ್ಲಬೇಕಾದ್ದು ನಮ್ಮ ಕೆರೆಗಳಲ್ಲೇ. ತೂಬು ಸೋರುತ್ತೆ, ಏರಿ ಮೇಲೆ ಜಾಲಿ ಬೆಳೆದಿದೆ, ಕೆರೆಗೆ ನೀರು ತರುವ ಕಾಲುವೆ ಮುಚ್ಚಿದೆ. ರಿಪೇರಿ ಕೇಳಿದರೆ ದುಡ್ಡಿಲ್ಲ ಅಂತಾರೆ.

ದೊಡ್ಡ ಕೆಲಸಕ್ಕಾದರೆ ಸರ್ಕಾರಕ್ಕೆ ದಾರಿ ಗೊತ್ತು. ಬಾಂಡ್, ಅಂದರೆ ಬಡ್ಡಿ ಕೊಡುವ ಸಾಲಪತ್ರ. 1994ರಲ್ಲಿ ಶುರುವಾದ ಕೃಷ್ಣಾ ಭಾಗ್ಯ ಜಲ ನಿಗಮ ಸರ್ಕಾರದ ಖಾತರಿ ಮೇಲೆ ಬಾಂಡ್ ಮಾರಿಯೇ ಕೃಷ್ಣಾ ಮೇಲ್ದಂಡೆಗೆ ಹಣ ಎತ್ತಿತು. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿ ಎತ್ತಿತು. 2005ರಲ್ಲಿ ನಡೆದದ್ದು ನಮಗೆ ಇನ್ನೂ ಹತ್ತಿರದ್ದು. ಬೆಂಗಳೂರಿನ ಸುತ್ತಲಿದ್ದ 8 ಪುರಸಭೆ, ನಗರಸಭೆಗಳ ಕುಡಿಯುವ ನೀರಿನ ಕೆಲಸಕ್ಕೆ ಒಂದೇ ನಿಧಿಯ ಮೂಲಕ 100 ಕೋಟಿ ರೂಪಾಯಿ ಬಾಂಡ್ ಬಂತು. ಒಬ್ಬೊಬ್ಬರೇ ಹೋಗಿದ್ದರೆ ಸಾಲ ಹುಟ್ಟುವುದು ಕಷ್ಟವಿತ್ತು, ಒಟ್ಟಾಗಿದ್ದಕ್ಕೆ ಹುಟ್ಟಿತು.

ಕೆರೆಗಳಿಗೂ ಇದು ಯಾಕಾಗಬಾರದು? ನಮ್ಮ ಕೆರೆಗಳು ಮೊದಲೇ ಸರಪಳಿ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಒಂದೊಂದು ಸರಪಳಿಯನ್ನು ಒಟ್ಟಿಗೆ ಹಿಡಿದು, ಸರ್ಕಾರವೇ ಬಾಂಡ್ ಎತ್ತಿ ರಿಪೇರಿ ಮಾಡಿಸಲಿ.

ಆದರೆ ಸಾಲ ಸಾಲವೇ. 1 ಲಕ್ಷಕ್ಕೆ ಶೇಕಡಾ 8ರ ಬಡ್ಡಿ, 15 ವರ್ಷಕ್ಕೆ ಅಸಲು ತೀರಿಸುವುದು ಅಂತ ಲೆಕ್ಕ ಹಾಕಿ. ಬಡ್ಡಿಯೇ 1 ಲಕ್ಷದ 20 ಸಾವಿರ. ಆದ್ದರಿಂದ ಮೂರು ಮಾತು.

ಒಂದು, ಸಾಲ ತೀರುವವರೆಗಾದರೂ ಕೆಲಸ ಬಾಳಬೇಕು. ತೂಬು, ಕೋಡಿ, ಏರಿಯ ಕಲ್ಲುಕಟ್ಟಡ ಬಾಳುತ್ತವೆ. ಹೂಳು ಹಾಗಲ್ಲ. ಮೇಲಿನ ಹೊಲಗಳಿಗೆ ಬದು ಇಲ್ಲದಿದ್ದರೆ ಮಳೆಮಳೆಗೂ ಮತ್ತೆ ಬರುತ್ತೆ. ಕೆರೆ ಗೋಡು ಹೊಲಕ್ಕೆ ಗೊಬ್ಬರ, ಅದನ್ನು ಬೇಸಿಗೆಯಲ್ಲಿ ನಾವೇ ಹೊಡೆದುಕೊಳ್ಳೋಣ. ಹೋದ ಮೇಲೂ ಬಡ್ಡಿ ಕಟ್ಟಬೇಕಾದ ಕೆಲಸಕ್ಕೆ ಬಾಂಡ್ ಬೇಡ.

ಎರಡು, ಸರ್ವೆ ಮೊದಲು, ಕಾಂಟ್ರಾಕ್ಟು ಆಮೇಲೆ. ಕಾಲುವೆ ಒತ್ತಿದವರಲ್ಲಿ ರೈತರೂ ಇದ್ದಾರೆ. ಅದನ್ನು ಬಿಡಿಸದೆ ಏರಿ ಎಷ್ಟು ಗಟ್ಟಿ ಮಾಡಿದರೂ ನಿಲ್ಲೋದಕ್ಕೆ ನೀರೆಲ್ಲಿ?

ಮೂರು, ಲೆಕ್ಕ. ನೀರಿನ ಕಂದಾಯದಿಂದ ಈ ಬಡ್ಡಿ ಹುಟ್ಟೋದಿಲ್ಲ. ತೀರಿಸುವುದು ಸರ್ಕಾರದ ಬೊಕ್ಕಸ, ಅಂದರೆ ಡೀಸೆಲ್ ಹಾಕಿಸುವಾಗಲೂ ತೆರಿಗೆ ಕಟ್ಟುವ ನಾವು. ಸಾಲಗಾರ ನಾವಾದ ಮೇಲೆ ಅಂದಾಜುಪಟ್ಟಿಯನ್ನೂ ಬಿಲ್ಲನ್ನೂ ಗ್ರಾಮಸಭೆಯಲ್ಲಿ ಓದಿ ಹೇಳಬೇಕು.

ಮುಂದಿನ ಗ್ರಾಮಸಭೆಗೆ ಹೋಗುವ ಮುಂಚೆ ನಿಮ್ಮೂರ ಕೆರೆಯ ಕಾಲುವೆಯನ್ನು ಬುಡದಿಂದ ತುದಿವರೆಗೆ ಒಮ್ಮೆ ನಡೆದು ನೋಡಿ. ಯಾವುದಕ್ಕೆ ಸಾಲ ಬೇಕು, ಯಾವುದಕ್ಕೆ ನಮ್ಮ ಗುದ್ದಲಿ ಸಾಕು ಅನ್ನೋದು ಅಲ್ಲೇ ಗೊತ್ತಾಗುತ್ತೆ.