ಒಂದೇ ಹಾಡಿನ ಹಣೆಪಟ್ಟಿ

'ಒಂದೇ ಹಾಡಿನ ತಂಡ' ಎಂದು ಹಣೆಪಟ್ಟಿ ಹಚ್ಚಿ ಕೈತೊಳೆದುಕೊಳ್ಳುವವರಿಗೆ ಏನೆನ್ನೋಣ? ಇಂಗ್ಲೆಂಡಿನ ಜೀಸಸ್ ಜೋನ್ಸ್ ತಂಡದ 'ಡೌಟ್' ಆಲ್ಬಮ್ 1991ರ ಆರಂಭದಲ್ಲಿ ಬಂದು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ರಾಕ್ ಗಿಟಾರಿನ ಅಬ್ಬರಕ್ಕೆ ಕುಣಿತದ ಕ್ಲಬ್ಬುಗಳ ತಾಳ, ಸ್ಯಾಂಪ್ಲರ್ ಯಂತ್ರದ ಸದ್ದು ಬೆರೆಸಿದ ಪ್ರಯೋಗವದು. ಜಗತ್ತು ನೆನಪಿಟ್ಟುಕೊಂಡದ್ದು 'ರೈಟ್ ಹಿಯರ್, ರೈಟ್ ನೌ' ಒಂದನ್ನೇ. ಅದೇ ಆಲ್ಬಮ್ಮಿನ 'ರಿಯಲ್, ರಿಯಲ್, ರಿಯಲ್' ಅಮೆರಿಕದಲ್ಲಿ 4ನೇ ಸ್ಥಾನ ತಲುಪಿದ್ದು ಯಾರಿಗೂ ನೆನಪಿಲ್ಲ!

ಈ ಮರೆವು ಆಕಸ್ಮಿಕವೇ? ಬರ್ಲಿನ್ ಗೋಡೆ ಉರುಳಿದ 1989ರ ಸಂಭ್ರಮದ ಹಾಡು ತವರಿನಲ್ಲಿ 31ನೇ ಸ್ಥಾನ ದಾಟಲಿಲ್ಲ. ಅಮೆರಿಕ ಅದನ್ನು 1991ರಲ್ಲಿ 2ನೇ ಸ್ಥಾನಕ್ಕೇರಿಸಿ ಮೆರೆಸಿತು. ಬಾಗ್ದಾದಿನ ಮೇಲೆ ಬಾಂಬುಗಳು ಸುರಿದದ್ದೂ ಅದೇ ವರ್ಷ. ಗೋಡೆ ಬಿದ್ದದ್ದು ಇತಿಹಾಸವಾಯಿತು, ಮನೆಗಳು ಬಿದ್ದದ್ದು ಬರೀ ಸುದ್ದಿಯಾಯಿತು. ಇದು ಹಾಡಿನ ತಪ್ಪಲ್ಲ, ಸ್ವಾಮಿ. ಗೆದ್ದವರಿಗೆ ಗೆಲುವಿನ ಹಾಡು ಬೇಕಿತ್ತು, ಆರಿಸಿಕೊಂಡರು. ಆಲ್ಬಮ್ಮಿನ ಹೆಸರೇ 'ಸಂಶಯ'. 'ಹೂ? ವೇರ್? ವೈ?' ಎಂಬ ಹಾಡೂ ಅದರಲ್ಲಿದೆ. ಯಾರು, ಎಲ್ಲಿ, ಏಕೆ? ಮಾರುಕಟ್ಟೆ ಸಂಭ್ರಮವನ್ನು ಉಳಿಸಿಕೊಂಡು ಪ್ರಶ್ನೆಯನ್ನು ಬಿಸಾಡಿತು. ಇಡೀ ಆಲ್ಬಮ್ ಕೇಳಿ, ಆಮೇಲೆ ಹಣೆಪಟ್ಟಿ ಹಚ್ಚಿ.