ಸಂಬಳ ಎಷ್ಟು ಎಂದು ಕೇಳಿದರೆ ಸಾಕೇ?

‘ಈಗಿನ ಹುಡುಗರು ಒಂದು ಕೆಲಸದಲ್ಲಿ ಆರು ತಿಂಗಳು ನಿಲ್ಲುವುದಿಲ್ಲ’ ಎಂಬ ಮಾತನ್ನು ನಾವು ಮದುವೆ ಮನೆಯಲ್ಲೂ ಮಸೀದಿ ಅಂಗಳದಲ್ಲೂ ಕೇಳುತ್ತೇವೆ. ಹೇಳುವವರು ಹೆಚ್ಚಾಗಿ ಗಲ್ಫಿನಲ್ಲಿ ಇಪ್ಪತ್ತು ವರ್ಷ ಒಂದೇ ಕಫೀಲನ ಕೈಕೆಳಗೆ ದುಡಿದವರು, ಇಲ್ಲವೇ ಅಂಗಡಿ ಹಾಕಿ ನೆಲೆನಿಂತವರು. ಅವರ ಮಾತಿನಲ್ಲಿ ಕಾಳಜಿ ಉಂಟು. ಆದರೆ ಹುಡುಗರು ಬಿಟ್ಟು ಬರುವ ಕೆಲಸ ಎಂಥದ್ದು ಅಂತ ಒಮ್ಮೆ ನೋಡಬೇಡವೇ?

ನಾವಿರುವ ಮರ್ಫಿ ಟೌನ್‌ನಿಂದ ಇಂದಿರಾನಗರದ ನೂರಡಿ ರಸ್ತೆಗೆ ಹೆಚ್ಚು ದೂರವಿಲ್ಲ. ಸಂಜೆ ಅಲ್ಲಿನ ಹೋಟೆಲ್‌ಗಳ ಮುಂದೆ ಬೈಕ್ ನಿಲ್ಲಿಸಿ ಮೊಬೈಲ್ ನೋಡುತ್ತಾ ನಿಂತವರಲ್ಲಿ ಪಿಯುಸಿ, ಡಿಗ್ರಿ ಮುಗಿಸಿದ ಹುಡುಗರೂ ಇದ್ದಾರೆ. ಹಲವರಿಗೆ ಇದೇ ಮೊದಲ ಕೆಲಸ. ಶಿಫಾರಸು ಬೇಕಿಲ್ಲ, ಬೈಕ್, ಲೈಸೆನ್ಸ್ ಇದ್ದರೆ ಬೇಗ ಸೇರಿಕೊಳ್ಳಬಹುದು. ಬಿಸಿಲು, ಟ್ರಾಫಿಕ್, ಪೆಟ್ರೋಲ್ ಖರ್ಚು ಎಲ್ಲವನ್ನೂ ಅವರು ಸಹಿಸುತ್ತಾರೆ. ಅವರ ಬೇಸರ ಬೇರೆ. ನಿನ್ನೆ ಇದ್ದ ಇನ್ಸೆಂಟಿವ್ ಇವತ್ತು ಯಾಕಿಲ್ಲ? ಐಡಿ ಯಾಕೆ ಬ್ಲಾಕ್ ಆಯ್ತು? ಅಂಗಡಿಯಾದರೆ ‘ಕಾಕಾ, ಯಾಕೆ ಕಡಿಮೆ ಕೊಟ್ರಿ?’ ಎಂದು ಕೇಳಬಹುದಿತ್ತು. ಆ್ಯಪ್ ಹತ್ರ ಏನಂತ ಕೇಳೋದು? ಉತ್ತರ ಸಿಗದ ಕೆಲಸದಲ್ಲಿ ಮನಸ್ಸು ನಿಲ್ಲದಿದ್ದರೆ ಅದನ್ನು ಸೋಮಾರಿತನ ಎನ್ನಲಾಗದು.

ಇದು ನಾಲ್ಕು ಹುಡುಗರ ಪಾಡಲ್ಲ. 2020-21ರಲ್ಲಿ ದೇಶದಲ್ಲಿ ಸುಮಾರು 77 ಲಕ್ಷ ಗಿಗ್ ಕಾರ್ಮಿಕರಿದ್ದರು, 2029-30ಕ್ಕೆ ಅವರು 2.35 ಕೋಟಿ ಆಗಬಹುದು ಎಂದು ನೀತಿ ಆಯೋಗ 2022ರಲ್ಲೇ ಹೇಳಿದೆ.

ನಮ್ಮ ರಾಜ್ಯ 2025ರಲ್ಲಿ ಇವರಿಗಾಗಿ ಕಾಯ್ದೆ ತಂದಿದೆ. ಕೆಲಸದಿಂದ ತೆಗೆಯುವುದಾದರೆ ಕಂಪೆನಿ ಲಿಖಿತವಾಗಿ ಕಾರಣ ಕೊಟ್ಟು 14 ದಿನ ಮೊದಲೇ ನೋಟಿಸ್ ಕೊಡಬೇಕು. ಆ್ಯಪ್ ಕೆಲಸವನ್ನೂ ರೇಟಿಂಗನ್ನೂ ಹೇಗೆ ನಿರ್ಧರಿಸುತ್ತದೆ ಎಂಬ ಮಾಹಿತಿ ಕೇಳುವ ಹಕ್ಕು ಕಾರ್ಮಿಕನಿಗೆ ಉಂಟು. ದೂರು ಕೊಡಲು ವ್ಯವಸ್ಥೆ ಇರಬೇಕು. ಕಾರ್ಮಿಕನಿಗೆ ಕೊಡುವ ಹಣದ ಶೇ. 1ರಿಂದ 5ರಷ್ಟನ್ನು ಕಂಪೆನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ಇದಕ್ಕೂ ಮುಂಚೆ, 2023ರಲ್ಲೇ, ಅಪಘಾತದಲ್ಲಿ ಮೃತಪಟ್ಟರೆ ಕುಟುಂಬಕ್ಕೆ 4 ಲಕ್ಷ ರೂಪಾಯಿ ಸಿಗುವ ವಿಮಾ ಯೋಜನೆ ಘೋಷಣೆಯಾಗಿತ್ತು.

ಆದರೆ ಹೆಸರು ನೋಂದಾಯಿಸದವನಿಗೆ ಇವೆಲ್ಲ ಪೇಪರಿನಲ್ಲೇ ಉಳಿಯುತ್ತವೆ. ರಾತ್ರಿ ಹನ್ನೊಂದಕ್ಕೆ ಮನೆ ಸೇರುವ ಹುಡುಗನಿಗೆ ಕಾಯ್ದೆ ಓದಲು ಪುರುಸೊತ್ತು ಎಲ್ಲಿ?

ಇಲ್ಲಿ ನಮ್ಮ ಜಮಾಅತ್‌ಗಳು ಕೈಜೋಡಿಸಬಹುದು. ಜುಮಾ ಮುಗಿದ ಮೇಲೆ ಒಂದು ಗಂಟೆ, ಒಂದು ಲ್ಯಾಪ್‌ಟಾಪ್, ಫಾರ್ಮ್ ತುಂಬಲು ತಿಳಿದ ಇಬ್ಬರು ಕಾಲೇಜು ಹುಡುಗರು ಸಾಕು. ನೋಂದಣಿಗೆ ಬಂದವನು ಯಾವ ಮಹಲ್ಲಾದವನು, ಯಾವ ಧರ್ಮದವನು ಎಂದು ನೋಡಬೇಕಾಗಿಲ್ಲ.

ಹೆತ್ತವರಲ್ಲೂ ನಮ್ಮದೊಂದು ವಿನಂತಿ. ಮಗ ಮೊದಲ ಕೆಲಸಕ್ಕೆ ಸೇರಿದಾಗ ‘ಎಷ್ಟು ಸಿಗ್ತದೆ?’ ಎಂದು ಎಲ್ಲರೂ ಕೇಳುತ್ತೇವೆ. ಜೊತೆಗೆ ‘ಬರವಣಿಗೆಯಲ್ಲಿ ಏನು ಕೊಟ್ಟಿದ್ದಾರೆ? ವಿಮೆ ಉಂಟಾ? ತೊಂದರೆ ಆದ್ರೆ ಯಾರ ಹತ್ರ ಹೇಳ್ತಿ?’ ಎಂದೂ ಕೇಳಿ. ಅವನಿಗೆ ಗೊತ್ತಿಲ್ಲದಿದ್ದರೆ ಜೊತೆಗೆ ಕೂತು ತಿಳಿದುಕೊಳ್ಳಿ. ಆಮೇಲೂ ಅವನು ಆ ಕೆಲಸ ಬಿಟ್ಟರೆ, ಯಾಕೆ ಬಿಟ್ಟ ಎಂದಾದರೂ ಮನೆಯವರಿಗೆ ಗೊತ್ತಿರುತ್ತದೆ.