ಬಿಲ್ ಆಗುವತನಕ ನಮ್ಮ ಹೊಟ್ಟೆ ಕಾಯುತ್ತದೆಯೇ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ!

ಸೈಟಿನಲ್ಲಿ ಅಳತೆಯ ಸ್ಟಾಫ್ ಹಿಡಿದು ಬಿಸಿಲಿಗೆ ನಿಲ್ಲುವವರು ನಾವು. ಲೆವೆಲ್ ಬರೆದುಕೊಳ್ಳುವವರು, ಪರೀಕ್ಷೆಗೆ ಕಾಂಕ್ರೀಟ್ ಕ್ಯೂಬ್ ಹಾಕುವವರು, ಟಿಪ್ಪರ್ ಎಣಿಸುವವರು, ರಾತ್ರಿ ಕಾಂಕ್ರೀಟಿಗೆ ನಿದ್ದೆಗೆಟ್ಟು ಕೂಡುವವರು ನಾವೇ. ಇಂಜಿನಿಯರ್ ಸಾಹೇಬರು ಸಹಿ ಹಾಕುವ ಹಾಳೆಗೆ ಲೆಕ್ಕ ಕೊಡುವವರೂ ನಾವೇ. ನಮ್ಮ ಹೆಸರು ಮಾತ್ರ ಯಾವ ಹಾಳೆಯಲ್ಲೂ ಇಲ್ಲ!

2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು. ನಾವೂ ಖುಷಿಪಟ್ಟೆವು, ಸುಳ್ಳೇಕೆ? ಆದರೆ ಆ ಹಳಿ ಹಾಸಿದವರ ಹೆಸರು ಯಾರಿಗೆ ಗೊತ್ತು? ಅದಕ್ಕೂ ಮೊದಲು, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಅಲ್ಲಿ ಜೀವ ಕೈಯಲ್ಲಿ ಹಿಡಿದು ದುಡಿದವರಲ್ಲಿ ಎಷ್ಟು ಜನರ ಹೆಸರು ನಿಮಗೆ ಗೊತ್ತು?

ಡಿಪ್ಲೊಮಾ ಸಿವಿಲ್ ಮುಗಿಸಿದ ಹುಡುಗ ನಿಮ್ಮ ಓಣಿಯಲ್ಲೇ ಇದ್ದಾನೆ. ನೇಮಕದ ಆರ್ಡರ್ ಕೇಳಿದರೆ 'ಆಮೇಲೆ ಕೊಡ್ತೀವಿ'. ಪಗಾರ ಕೇಳಿದರೆ 'ಬಿಲ್ ಆಗಿಲ್ಲ'. ಪಿ.ಎಫ್. ಕೇಳಿದರೆ 'ನಾಳೆಯಿಂದ ಬರಬೇಡ'! ಅನುಭವ ಪತ್ರವೂ ಇಲ್ಲ. ಮುಂದಿನ ಸೈಟಿಗೆ ಹೋದರೆ ಮತ್ತೆ ಹೊಸಬ!

ಕ್ಯೂಬನ್ನು 28ನೇ ದಿನಕ್ಕೆ ಸರಿಯಾಗಿ ಒಡೆದು ನೋಡುತ್ತಾರೆ. ಒಂದು ದಿನ ತಪ್ಪಿದರೆ ನಮಗೇ ಬೈಗುಳ. ನಮ್ಮ ಪಗಾರ ಮೂರು ತಿಂಗಳು ತಪ್ಪಿದರೂ ಯಾರನ್ನೂ ಯಾರೂ ಬೈಯುವುದಿಲ್ಲ!

ಇನ್ನು ಕಂಕರ್ ಹೊರುವ ಅಕ್ಕಂದಿರು. ಬಟಾಬಯಲಿನ ಸೈಟು, ಮರೆಗೆ ಒಂದು ಜಾಲಿಗಿಡವೂ ಇಲ್ಲ. ಬಾಯಾರಿದರೂ ಸಂಜೆತನಕ ನೀರು ಕುಡಿಯುವುದಿಲ್ಲ. ಯಾಕೆಂದು ಬಿಡಿಸಿ ಹೇಳಬೇಕೇ?

ಸಂವಿಧಾನದ 371(ಜೆ) ವಿಧಿ ಬಂತು, ಸರ್ಕಾರಿ ಹುದ್ದೆಯಲ್ಲಿ ನಮ್ಮ ಭಾಗದವರಿಗೆ ಮೀಸಲು ಬಂತು. ಒಳ್ಳೆಯದೇ. ಆದರೆ ಗುತ್ತಿಗೆದಾರನ ಸೈಟಿನ ಗೇಟು ದಾಟಿ ಅದು ಒಳಗೆ ಬಂದಿಲ್ಲ!

ಹೆದರಬೇಡಿ. ಗುತ್ತಿಗೆದಾರ ಪಗಾರ ಕೊಡದಿದ್ದರೆ ಕೆಲಸ ಮಾಡಿಸುವ ಮೂಲ ಮಾಲೀಕನೇ ಕೊಡಬೇಕು, ಇದು ಕಾನೂನು. ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವಯಸ್ಸಿನವರು ಕಾರ್ಮಿಕರ ಕಾರ್ಡಿಗೆ ಅರ್ಜಿ ಹಾಕಬಹುದು. ಕಾರ್ಡು ಯಾರ ಭಿಕ್ಷೆಯೂ ಅಲ್ಲ!

ಇವತ್ತೇ ಒಂದು ನೋಟ್‌ಬುಕ್ ತೆಗೆಯಿರಿ. ಯಾವ ದಿನ, ಯಾವ ಸೈಟು, ಎಷ್ಟು ತಾಸು ಎಂದು ಬರೆಯಿರಿ. ಹಾಜರಿ ಪುಸ್ತಕದ ಫೋಟೊ ಹೊಡೆದಿಡಿ. ಪಗಾರ ಹಾಕುತ್ತೇವೆಂದು ಬಂದ ಮೆಸೇಜ್ ಅಳಿಸಬೇಡಿ. ಒಬ್ಬೊಬ್ಬರೇ ಹೋದರೆ ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಾರೆ. ಬರುವ ಸೋಮವಾರ ಬೆಳಿಗ್ಗೆ ನಾಲ್ಕೂ ತಾಲ್ಲೂಕಿನವರು ಕೂಡಿ ಕೊಪ್ಪಳದ ಕಾರ್ಮಿಕ ಇಲಾಖೆಗೆ ಹೋಗೋಣ, ಬಾಕಿ ಪಗಾರದ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡೇ ಬರೋಣ. ಬುತ್ತಿ ಕಟ್ಟಿಕೊಂಡು ಬನ್ನಿ. ಪಕ್ಕದ ಸೈಟಿನವರನ್ನೂ ಕರೆತನ್ನಿ!